ಒಂದೇ ಹೇಳಿಕೆಗೆ ಎರಡು ತೀರ್ಪು: ಪ್ರಚಾರದ ಅಂಕಿಗಳನ್ನು ಪರಿಶೀಲಿಸುವ ಬಗೆ

ಪ್ರಶ್ನೆ: ಚುನಾವಣೆ ಬಂದಾಗಲೆಲ್ಲ ನಾಯಕರ ಭಾಷಣಗಳ ಫ್ಯಾಕ್ಟ್‌ಚೆಕ್ ವರದಿಗಳನ್ನು ಓದುತ್ತೇನೆ. ತಮ್ಮ ಅವಧಿಯಲ್ಲಿ ಆರ್ಥಿಕತೆ ದಾಖಲೆಯ ವೇಗದಲ್ಲಿ ಬೆಳೆಯಿತು ಎಂದು ಅಭ್ಯರ್ಥಿಯೊಬ್ಬರು ಹೇಳಿದ್ದನ್ನು ಒಂದು ತಂಡ ‘ನಿಜ’ ಎಂದಿತು, ಇನ್ನೊಂದು ತಂಡ ‘ದಾರಿ ತಪ್ಪಿಸುವ ಮಾತು’ ಎಂದಿತು. ಇವರಲ್ಲಿ ಯಾರೋ ಒಬ್ಬರು ಪಕ್ಷಪಾತಿಗಳೆಂದೇ ಅರ್ಥವಲ್ಲವೇ? ಅರ್ಥಶಾಸ್ತ್ರ ಓದದ ನನ್ನಂಥವರು ಇಂಥ ಮಾತನ್ನು ಸ್ವತಃ ಪರಿಶೀಲಿಸಲು ಸಾಧ್ಯವೇ?

ಉತ್ತರ: ಪಕ್ಷಪಾತವೆಂಬ ತೀರ್ಮಾನಕ್ಕೆ ಬರುವ ಮೊದಲು ಇನ್ನೊಂದು ಸಾಧ್ಯತೆಯನ್ನು ನೋಡಬೇಕು. ಆ ಎರಡು ತಂಡಗಳು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರಬಹುದು. ಅಭ್ಯರ್ಥಿ ಹೇಳಿದ ಅಂಕಿ ದಾಖಲೆಯಲ್ಲಿ ಇದೆಯೇ ಎಂಬುದು ಒಂದು ಪ್ರಶ್ನೆ. ಆ ಅಂಕಿಯನ್ನು ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ವಾಸ್ತವಕ್ಕೆ ಹೊಂದುತ್ತದೆಯೇ ಎಂಬುದು ಇನ್ನೊಂದು. ಹಸಿ ಸುಳ್ಳಿಗಿಂತ, ಮೊದಲ ಪ್ರಶ್ನೆಯಲ್ಲಿ ಪಾಸಾಗಿ ಎರಡನೆಯದರಲ್ಲಿ ಎಡವುವ ಮಾತುಗಳೇ ಪ್ರಚಾರದಲ್ಲಿ ಹೆಚ್ಚು ಎಂಬುದು ನನ್ನ ಅನುಭವ. ಭಾಷಣ ಬರೆದುಕೊಡುವವರೂ ಫ್ಯಾಕ್ಟ್‌ಚೆಕ್ ಓದುತ್ತಾರೆ ಎಂಬುದನ್ನು ಮರೆಯಬಾರದು.

ನೀವು ಕೇಳಿದಂಥದ್ದೇ ಒಂದು ನಿಜವಾದ ಹೇಳಿಕೆಯನ್ನು ಎದುರಿಗಿಟ್ಟುಕೊಂಡು ನೋಡೋಣ. 2020ರ ಅಕ್ಟೋಬರ್ 29ರಂದು, ಅಂದರೆ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಐದು ದಿನ ಇರುವಾಗ, ಅಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆ ಆ ವರ್ಷದ ಮೂರನೇ ತ್ರೈಮಾಸಿಕದ ಜಿಡಿಪಿಯ ಮೊದಲ ಅಂದಾಜನ್ನು ಪ್ರಕಟಿಸಿತು. ವಾರ್ಷಿಕ ದರದ ಲೆಕ್ಕದಲ್ಲಿ ಬೆಳವಣಿಗೆ ಶೇ 33.1 ಇತ್ತು. ದೇಶದ ಇತಿಹಾಸದಲ್ಲೇ ಇದು ಅತಿ ದೊಡ್ಡ ಏರಿಕೆ ಎಂದು ಆಗಿನ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಾರಿದರು. ಮಾತನ್ನು ಮಾತ್ರ ಹಿಡಿದು ನೋಡಿದರೆ ದಾಖಲೆ ಅವರ ಪರವಾಗಿಯೇ ಇದೆ. ಅಲ್ಲಿ ತ್ರೈಮಾಸಿಕ ಲೆಕ್ಕ ಶುರುವಾದದ್ದು 1947ರಲ್ಲಿ. ಅಂದಿನಿಂದ ಅದುವರೆಗಿನ ಅತಿ ಹೆಚ್ಚಿನ ಏರಿಕೆ 1950ರ ಆರಂಭದಲ್ಲಿ ದಾಖಲಾಗಿದ್ದ ಶೇ 16.7.

ಈಗ 2019ರ ಕೊನೆಯಲ್ಲಿ ಆ ಆರ್ಥಿಕತೆಯ ಗಾತ್ರ 100 ಇತ್ತೆಂದು ಇಟ್ಟುಕೊಳ್ಳಿ. 2020ರ ಮೊದಲ ಮೂರು ತಿಂಗಳಲ್ಲಿ ಅದು ಸುಮಾರು 98.7ಕ್ಕೆ ಇಳಿಯಿತು. ಕೋವಿಡ್ ನಿರ್ಬಂಧಗಳಿದ್ದ ಎರಡನೇ ತ್ರೈಮಾಸಿಕದಲ್ಲಿ ಶೇ 9ರಷ್ಟು ಕುಸಿದು 89.8 ಮುಟ್ಟಿತು. ಮೂರನೆಯದರಲ್ಲಿ ಶೇ 7.4ರಷ್ಟು ಏರಿ 96.5ರ ಹತ್ತಿರ ಬಂದು ನಿಂತಿತು. ಅಂದರೆ ‘ದಾಖಲೆಯ ಬೆಳವಣಿಗೆ’ಯ ನಂತರವೂ ಆರ್ಥಿಕತೆ ವರ್ಷದ ಆರಂಭಕ್ಕಿಂತ ಸುಮಾರು ಮೂರೂವರೆ ಭಾಗ ಚಿಕ್ಕದಾಗಿಯೇ ಇತ್ತು. ಶೇ 7.4 ಎಂಬುದು 33.1 ಆದದ್ದು ಹೇಗೆಂದರೆ, ನಾಲ್ಕೂ ತ್ರೈಮಾಸಿಕಗಳು ಇದೇ ಓಟದಲ್ಲಿ ಸಾಗಿದ್ದರೆ ವರ್ಷಕ್ಕೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ ಹೇಳುವುದು ಅಲ್ಲಿನ ರೂಢಿ. ಅದರಲ್ಲಿ ಮೋಸವಿಲ್ಲ, ಎಲ್ಲ ಪಕ್ಷಗಳ ಸರ್ಕಾರಗಳಲ್ಲೂ ಅದೇ ರೂಢಿ ನಡೆದುಬಂದಿದೆ. ಆದರೆ ಅದೇ ಲೆಕ್ಕದಲ್ಲಿ ಹಿಂದಿನ ತ್ರೈಮಾಸಿಕದ ಕುಸಿತ ಶೇ 31.4 ಎಂದು ದಾಖಲಾಗಿತ್ತು. 31.4 ಇಳಿದು 33.1 ಏರಿತು ಎಂದು ಕೇಳಿದವರು ಹೋದದ್ದೆಲ್ಲ ಬಂತು, ಮೇಲೆ ಒಂದಿಷ್ಟು ಲಾಭವೂ ಆಯಿತು ಎಂದೇ ಭಾವಿಸುತ್ತಾರೆ. ನೂರು ರೂಪಾಯಿಯಲ್ಲಿ ಅರ್ಧ ಕಳೆದುಕೊಂಡವನಿಗೆ ಮತ್ತೆ ನೂರಾಗಲು ಶೇ 50 ಅಲ್ಲ, ಶೇ 100ರಷ್ಟು ಏರಿಕೆ ಬೇಕು. ಇಳಿಯುವಾಗಿನ ಶೇಕಡಾ ದೊಡ್ಡ ಮೊತ್ತದ ಮೇಲೆ, ಏರುವಾಗಿನ ಶೇಕಡಾ ಚಿಕ್ಕ ಮೊತ್ತದ ಮೇಲೆ ಎಂಬ ಸಣ್ಣ ಸಂಗತಿ ಸಭೆಯ ಚಪ್ಪಾಳೆಯ ನಡುವೆ ಯಾರ ಗಮನಕ್ಕೂ ಬರುವುದಿಲ್ಲ.

ಈ ಹೇಳಿಕೆಗೆ ‘ಅಂಕಿ ನಿಜ’ ಎಂದು ಬರೆದವರೂ ಸರಿ, ‘ದಾರಿ ತಪ್ಪಿಸುತ್ತದೆ’ ಎಂದವರೂ ಸರಿ. ಅಮೆರಿಕದ ಎರಡು ಪ್ರಮುಖ ಫ್ಯಾಕ್ಟ್‌ಚೆಕ್ ತಂಡಗಳ ವರದಿಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಪೂರ್ತಿ ಸುಳ್ಳು ಅಥವಾ ಪೂರ್ತಿ ನಿಜವಾದ ಹೇಳಿಕೆಗಳಲ್ಲಿ ಎರಡು ತಂಡಗಳ ತೀರ್ಪು ಚೆನ್ನಾಗಿ ಹೊಂದುತ್ತಿತ್ತು. ‘ಅರ್ಧ ನಿಜ’, ‘ಬಹುತೇಕ ಸುಳ್ಳು’ ಎಂಬ ನಡುವಿನ ವಲಯದಲ್ಲಿ ಹೊಂದಾಣಿಕೆ ಕಡಿಮೆಯಾಗುತ್ತಿತ್ತು. ಹಾಗಾಗಿ ತೀರ್ಪಿನ ಪಟ್ಟಿಯನ್ನು ಮಾತ್ರ ನೋಡಿ ಒಳಗಿನ ವಿವರಣೆಯನ್ನು ಬಿಡುವ ಓದುಗರಿಗೆ ಫ್ಯಾಕ್ಟ್‌ಚೆಕ್‌ನಿಂದ ಸಿಗುವ ಪ್ರಯೋಜನ ಬಹಳ ಕಡಿಮೆ. ತೀರ್ಪನ್ನು ಒಂದೇ ನೋಟಕ್ಕೆ ತೋರಿಸಲು ಬಳಸುವ ಮೀಟರಿನ ಮುಳ್ಳು, ಉದ್ದ ಮೂಗಿನ ಬೊಂಬೆ ಮುಂತಾದ ಚಿಹ್ನೆಗಳು ಓದುಗರನ್ನು ಸೆಳೆಯಲು ಬೇಕಿರಬಹುದು, ಆದರೆ ನನಗೆ ಅವುಗಳ ಬಗ್ಗೆ ಅಷ್ಟೇನೂ ಗೌರವವಿಲ್ಲ.

ಇನ್ನು ಸ್ವತಃ ಪರಿಶೀಲಿಸುವ ಮಾತು. ಇದಕ್ಕೆ ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ವಾಕ್ಯವನ್ನು ನಿಧಾನವಾಗಿ ಓದುವ ಅಭ್ಯಾಸ ಬೇಕು. ಅಭ್ಯರ್ಥಿ ಹೇಳಿದ್ದನ್ನು ಹೇಳಿದ ಹಾಗೆಯೇ, ಹಿಂದಿನ ಮುಂದಿನ ಎರಡು ವಾಕ್ಯಗಳ ಸಮೇತ ಬರೆದುಕೊಳ್ಳಿ. ಶೀರ್ಷಿಕೆಯಿಂದಲೋ ಹದಿನೈದು ಸೆಕೆಂಡಿನ ವಿಡಿಯೊ ತುಣುಕಿನಿಂದಲೋ ಬರೆದುಕೊಂಡರೆ ಆಗುವುದಿಲ್ಲ, ಏಕೆಂದರೆ ‘ಹೀಗೆಂದು ವಿರೋಧಿಗಳು ಹೇಳುತ್ತಾರೆ’ ಎಂಬ ಬಾಲವನ್ನು ಕತ್ತರಿಸಿದ ತುಣುಕುಗಳು ಎಲ್ಲ ಕಡೆ ಓಡಾಡುತ್ತಿರುತ್ತವೆ. ಬರೆದುಕೊಂಡ ಮೇಲೆ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಸಂಖ್ಯೆಗಿಂತ ಕ್ರಿಯಾಪದವೇ ಹೆಚ್ಚು ಸಲ ತಪ್ಪು ಹೇಳುತ್ತದೆ.

ಬ್ರಿಟನ್ನಿನ 2016ರ ಜನಮತಗಣನೆಯ ಕೆಂಪು ಬಸ್ಸು ಇದಕ್ಕೆ ಒಳ್ಳೆಯ ಉದಾಹರಣೆ. ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆಂದು ಪ್ರಚಾರ ಮಾಡುತ್ತಿದ್ದವರು ಆ ಬಸ್ಸಿನ ಮೈಮೇಲೆ, ನಾವು ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳುಹಿಸುತ್ತೇವೆ, ಅದರ ಬದಲು ನಮ್ಮ ಆರೋಗ್ಯ ಸೇವೆಗೆ ಹಣ ಕೊಡೋಣ ಎಂಬ ಅರ್ಥದ ಬರಹ ಹಾಕಿಸಿದ್ದರು. ಇಲ್ಲಿ ಗೆರೆ ಬೀಳಬೇಕಾದದ್ದು ‘ಕಳುಹಿಸುತ್ತೇವೆ’ ಎಂಬ ಪದದ ಕೆಳಗೆ. 2014ರ ಅಧಿಕೃತ ಲೆಕ್ಕದಲ್ಲಿ ಬ್ರಿಟನ್ನಿನ ಒಟ್ಟು ವಂತಿಗೆ ಸುಮಾರು 1,910 ಕೋಟಿ ಪೌಂಡ್ ಇತ್ತು. 52 ವಾರಗಳಿಗೆ ಹಂಚಿದರೆ ವಾರಕ್ಕೆ 36 ಕೋಟಿ ದಾಟುತ್ತದೆ. ಬಸ್ಸಿನ ಸಂಖ್ಯೆ ಹುಟ್ಟಿದ್ದು ಈ ಬಗೆಯ ಲೆಕ್ಕದಿಂದ. ಆದರೆ 1980ರ ದಶಕದ ಒಪ್ಪಂದವೊಂದರ ಪ್ರಕಾರ ಬ್ರಿಟನ್ನಿಗೆ ರಿಯಾಯಿತಿ ಇತ್ತು, 2014ರಲ್ಲಿ ಅದು ಸುಮಾರು 440 ಕೋಟಿ ಪೌಂಡ್. ಈ ಮೊತ್ತವನ್ನು ಕೊಟ್ಟು ವಾಪಸ್ ಪಡೆಯುತ್ತಿರಲಿಲ್ಲ, ಕೊಡುವ ಮೊದಲೇ ಕಳೆಯಲಾಗುತ್ತಿತ್ತು. ಹಾಗಾಗಿ ‘ಕಳುಹಿಸಿದ’ ಹಣ ವಾರಕ್ಕೆ 28 ಕೋಟಿಯ ಆಸುಪಾಸು ಮಾತ್ರ. ಅದರಲ್ಲೂ ಕೃಷಿ ನೆರವು, ಹಿಂದುಳಿದ ಪ್ರದೇಶಗಳ ಅಭಿವೃದ್ಧಿ ಇತ್ಯಾದಿಗಳ ರೂಪದಲ್ಲಿ ಸರ್ಕಾರಿ ವಲಯಕ್ಕೆ ಮರಳುತ್ತಿದ್ದುದನ್ನು ಕಳೆದರೆ ವರ್ಷಕ್ಕೆ ಸುಮಾರು 990 ಕೋಟಿ, ವಾರಕ್ಕೆ 19 ಕೋಟಿಯಷ್ಟು ಉಳಿಯುತ್ತಿತ್ತು.

ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರದ ಅಂದಿನ ಅಧ್ಯಕ್ಷ ಆಂಡ್ರ್ಯೂ ಡಿಲ್ನಾಟ್ ಈ ಸಂಖ್ಯೆ ದಾರಿ ತಪ್ಪಿಸುವಂಥದ್ದೆಂದು ಮತದಾನಕ್ಕೆ ಮೊದಲೇ ಬಹಿರಂಗವಾಗಿ ಹೇಳಿದ್ದರು. ಮರುವರ್ಷ, ಹೊರಬರುವ ಪ್ರಚಾರದ ಮುಂಚೂಣಿಯಲ್ಲಿದ್ದ ಬೋರಿಸ್ ಜಾನ್ಸನ್ ಅದೇ ಸಂಖ್ಯೆಯನ್ನು ಮತ್ತೆ ಎತ್ತಿದಾಗ ಡಿಲ್ನಾಟ್ ಅವರ ನಂತರ ಬಂದ ಡೇವಿಡ್ ನಾರ್ಗ್ರೋವ್, ಇದು ಅಧಿಕೃತ ಅಂಕಿಅಂಶದ ಸ್ಪಷ್ಟ ದುರ್ಬಳಕೆ ಎಂದು ನೇರವಾಗಿ ಪತ್ರ ಬರೆದರು. ಇಲ್ಲಿ ಒಂದು ಇಕ್ಕಟ್ಟೂ ಇದೆ. 35 ಕೋಟಿ ತಪ್ಪು, 28 ಕೋಟಿ ಸರಿ ಎಂದು ವಾರಗಟ್ಟಲೆ ವಾದಿಸಿದವರು ಒಕ್ಕೂಟಕ್ಕೆ ಹೋಗುವ ಹಣದ ಮಾತನ್ನೇ ಪ್ರತಿದಿನ ಸುದ್ದಿಯಲ್ಲಿ ಇಟ್ಟರು. ಹಾಗೆಂದು ಸರಿಪಡಿಸದೆ ಬಿಡಬೇಕಿತ್ತು ಎಂದು ನಾನು ಹೇಳಲಾರೆ. ಆದರೆ ಪರಿಶೀಲನೆಯ ಬರಹ ತಪ್ಪು ಸಂಖ್ಯೆಯಿಂದಲ್ಲ, ಸರಿಯಾದ ಸಂಖ್ಯೆಯಿಂದ ಆರಂಭವಾಗಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಕ್ರಿಯಾಪದದ ನಂತರ ನೋಡಬೇಕಾದದ್ದು ಅವಧಿ. ‘ಎಂದಿನಿಂದ ಎಂದಿನವರೆಗೆ’ ಎಂಬ ಪ್ರಶ್ನೆಯನ್ನು ಹಾಕದೆ ಯಾವ ಏರಿಕೆ, ಇಳಿಕೆಯನ್ನೂ ಒಪ್ಪಬೇಡಿ. ಕುಸಿತದ ತಳದಿಂದ ಅಳೆಯಲು ಶುರುಮಾಡಿದರೆ ಯಾರ ಆಡಳಿತವೂ ಚೆನ್ನಾಗಿಯೇ ಕಾಣುತ್ತದೆ. ಟ್ರಂಪ್ ಅವರ ಉದಾಹರಣೆ ಕೊಟ್ಟದ್ದರಿಂದ ಜೋ ಬೈಡನ್ ಅವರದನ್ನೂ ಕೊಡುವುದು ನ್ಯಾಯ. ತಮ್ಮ ಅವಧಿಯಲ್ಲಿ ಸೃಷ್ಟಿಯಾದ ಉದ್ಯೋಗಗಳ ಸಂಖ್ಯೆಯನ್ನು ಬೈಡನ್ ಮತ್ತೆ ಮತ್ತೆ ದಾಖಲೆಯೆಂದು ಹೇಳಿಕೊಂಡರು. 2020ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ಸುಮಾರು 2.2 ಕೋಟಿ ಉದ್ಯೋಗಗಳು ಹೋಗಿದ್ದವು, ಅವರು ಅಧಿಕಾರ ವಹಿಸಿಕೊಂಡಾಗಲೂ ಹಳೆಯ ಮಟ್ಟಕ್ಕೆ ಸುಮಾರು ಒಂದು ಕೋಟಿ ಕಡಿಮೆ ಇತ್ತು. ಆದ್ದರಿಂದ ಅವರ ಲೆಕ್ಕದ ದೊಡ್ಡ ಪಾಲು ಹೊಸದಾಗಿ ಹುಟ್ಟಿದ ಉದ್ಯೋಗವಲ್ಲ, ಮರಳಿ ಬಂದ ಉದ್ಯೋಗ. ಇದು ಮೇಲಿನ ಜಿಡಿಪಿ ಕಥೆಯದೇ ಇನ್ನೊಂದು ಮುಖ. 2024ರ ಮೇ ತಿಂಗಳ ಟಿವಿ ಸಂದರ್ಶನವೊಂದರಲ್ಲಿ, ತಾವು ಬಂದಾಗ ಹಣದುಬ್ಬರ ಶೇ 9 ಇತ್ತು ಎಂದು ಅವರು ಹೇಳಿದ್ದು ಮಾತ್ರ ಬೇರೆ ಜಾತಿಯದು. 2021ರ ಜನವರಿಯಲ್ಲಿ ಅದು ಶೇ 1.4 ಇತ್ತು, 9.1ರ ಶಿಖರ ಮುಟ್ಟಿದ್ದು 2022ರ ಜೂನ್‌ನಲ್ಲಿ, ಅವರದೇ ಅವಧಿಯಲ್ಲಿ. ಇಲ್ಲಿ ಸಂದರ್ಭ, ವ್ಯಾಖ್ಯಾನ ಯಾವುದರ ಚರ್ಚೆಯೂ ಬೇಕಿಲ್ಲ, ಹೇಳಿಕೆ ತಪ್ಪು. ಇಂಥವುಗಳಲ್ಲಿ ಎರಡು ತಂಡಗಳ ತೀರ್ಪು ಬೇರೆಯಾದರೆ ಆಗ ಪಕ್ಷಪಾತದ ಅನುಮಾನ ಪಡಲು ನಿಮಗೆ ಕಾರಣವಿದೆ.

ಶೇಕಡಾ ಲೆಕ್ಕದಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ನಿರುದ್ಯೋಗ ಮೂರನೇ ಒಂದು ಭಾಗದಷ್ಟು ಇಳಿದಿದೆ ಎಂದು ಅಭ್ಯರ್ಥಿಯೊಬ್ಬರು ಹೇಳಿದ್ದರು. ದರ 6ರಿಂದ 4ಕ್ಕೆ ಬಂದಿತ್ತು. ಎರಡೇ ಅಂಶ ಇಳಿದದ್ದನ್ನು ಮೂರನೇ ಒಂದು ಭಾಗ ಎನ್ನುವುದು ಉತ್ಪ್ರೇಕ್ಷೆ ಎಂದು ಬರೆದುಬಿಟ್ಟೆ. ಆರರಲ್ಲಿ ಎರಡು ಎಂದರೆ ಮೂರನೇ ಒಂದು ಭಾಗವೇ ಎಂದು ಅವರ ಕಚೇರಿಯವರು ಮರುದಿನ ನಯವಾಗಿಯೇ ತಿಳಿಸಿದರು. ತಿದ್ದುಪಡಿ ಪ್ರಕಟಿಸಿದೆವು. ಶೇಕಡಾ ಅಂಶಗಳಲ್ಲಿನ ಇಳಿಕೆ ಬೇರೆ, ಶೇಕಡಾವಾರು ಇಳಿಕೆ ಬೇರೆ, ಎರಡೂ ನಿಜವಾಗಿರಬಹುದು. ಆಡಳಿತ ಪಕ್ಷ ದೊಡ್ಡದಾಗಿ ಕಾಣುವುದನ್ನು ಆರಿಸಿಕೊಳ್ಳುತ್ತದೆ, ವಿರೋಧ ಪಕ್ಷ ಚಿಕ್ಕದನ್ನು.

ನಿರುದ್ಯೋಗ ದರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವ್ಯಾಖ್ಯಾನದಂತೆ ನಿರುದ್ಯೋಗಿ ಎನಿಸಿಕೊಳ್ಳಲು ಕೆಲಸವಿಲ್ಲದಿದ್ದರೆ ಸಾಲದು. ಕೆಲಸ ಹುಡುಕುತ್ತಿರಬೇಕು, ಸಿಕ್ಕರೆ ಸೇರಲು ಸಿದ್ಧರಿರಬೇಕು. ಹುಡುಕಿ ಹುಡುಕಿ ಬೇಸತ್ತು ಮನೆಯಲ್ಲಿ ಕುಳಿತವರು ಈ ಲೆಕ್ಕದಿಂದಲೇ ಹೊರಗೆ ಬೀಳುತ್ತಾರೆ. ಹತ್ತು ಜನರ ದುಡಿಯುವ ಬಳಗದಲ್ಲಿ ಇಬ್ಬರಿಗೆ ಕೆಲಸವಿಲ್ಲದಿದ್ದರೆ ದರ ಶೇ 20. ಅವರಲ್ಲೊಬ್ಬರು ಹುಡುಕುವುದನ್ನು ಬಿಟ್ಟರೆ ಉಳಿದ ಒಂಬತ್ತರಲ್ಲಿ ಒಬ್ಬರು, ಅಂದರೆ ದರ ಶೇ 11.1. ಒಂದೇ ಒಂದು ಹೊಸ ಕೆಲಸ ಹುಟ್ಟದೆ ದರ ಹೆಚ್ಚೂಕಡಿಮೆ ಅರ್ಧಕ್ಕಿಳಿಯಿತು. ಆದ್ದರಿಂದ ದರ ಇಳಿಯಿತು ಎಂಬ ಮಾತು ಕೇಳಿದಾಗ ದುಡಿಮೆಯಲ್ಲಿ ಪಾಲ್ಗೊಳ್ಳುವವರ ಪ್ರಮಾಣ ಏನಾಯಿತು ಎಂಬುದನ್ನೂ ಜೊತೆಗೇ ನೋಡಬೇಕು. ಇವೆರಡೂ ಸಾಮಾನ್ಯವಾಗಿ ಒಂದೇ ವರದಿಯ ಅಕ್ಕಪಕ್ಕದ ಕೋಷ್ಟಕಗಳಲ್ಲಿ ಇರುತ್ತವೆ, ಹುಡುಕಲು ದೂರ ಹೋಗಬೇಕಿಲ್ಲ. ಹಣದ ಮೊತ್ತಗಳ ಮಾತಾದರೆ ಬೆಲೆಯೇರಿಕೆಯನ್ನು ಕಳೆದಿದ್ದಾರೆಯೇ, ಜನಸಂಖ್ಯೆಗೆ ಭಾಗಿಸಿದ್ದಾರೆಯೇ ಎಂದು ನೋಡಿದರೆ ಹೆಚ್ಚಿನ ‘ಸಾರ್ವಕಾಲಿಕ ದಾಖಲೆ’ಗಳು ಅಲ್ಲಿಯೇ ಕರಗುತ್ತವೆ.

ಅಂಕಿ ಸರಿ, ಅವಧಿಯೂ ಸರಿ ಎಂದಾದ ಮೇಲೂ ಉಳಿಯುವುದು ‘ನಮ್ಮಿಂದ’ ಎಂಬ ಪದ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಅಪರಾಧ ಇಳಿದದ್ದು, ಇಂಧನ ಅಗ್ಗವಾದದ್ದು, ರಫ್ತು ಏರಿದ್ದು ಒಂದು ಸರ್ಕಾರದ ಅವಧಿಯಲ್ಲಿ ಆಯಿತು ಎಂಬುದು ದಾಖಲೆಯಿಂದ ತಿಳಿಯುತ್ತದೆ. ಆ ಸರ್ಕಾರದಿಂದ ಆಯಿತು ಎಂಬುದು ಕೋಷ್ಟಕ ನೋಡಿ ತಿಳಿಯುವಂಥದ್ದಲ್ಲ. ಆ ಇಳಿಕೆ ಅವರು ಬರುವ ಮೊದಲೇ ಶುರುವಾಗಿತ್ತೇ, ಆ ನೀತಿಯಿಲ್ಲದ ನೆರೆಯ ಪ್ರದೇಶಗಳಲ್ಲೂ ಹಾಗೆಯೇ ಆಗಿದೆಯೇ ಎಂಬ ಎರಡು ಪ್ರಶ್ನೆಗಳನ್ನಾದರೂ ಕೇಳದೆ ಶ್ರೇಯಸ್ಸನ್ನೂ ಕೊಡಬಾರದು, ದೂಷಣೆಯನ್ನೂ ಹೊರಿಸಬಾರದು.

ಭರವಸೆಗಳನ್ನು ಮಾತ್ರ ನಿಜ, ಸುಳ್ಳು ಎಂಬ ತಕ್ಕಡಿಗೆ ಹಾಕಬೇಡಿ. ಈ ವಿಷಯದಲ್ಲಿ ವೃತ್ತಿಪರರೇ ಪೆಟ್ಟು ತಿಂದಿದ್ದಾರೆ. ನಿಮ್ಮ ಈಗಿನ ಆರೋಗ್ಯ ವಿಮೆ ನಿಮಗೆ ಇಷ್ಟವಿದ್ದರೆ ಅದನ್ನೇ ಇಟ್ಟುಕೊಳ್ಳಬಹುದು ಎಂಬ ಬರಾಕ್ ಒಬಾಮಾ ಅವರ ಮಾತಿಗೆ ಪೊಲಿಟಿಫ್ಯಾಕ್ಟ್ ಎಂಬ ಅಮೆರಿಕದ ಫ್ಯಾಕ್ಟ್‌ಚೆಕ್ ಸಂಸ್ಥೆ 2008ರಲ್ಲಿ ‘ನಿಜ’ ಎಂಬ ತೀರ್ಪು ಕೊಟ್ಟಿತ್ತು. ಅವರ ಆರೋಗ್ಯ ವಿಮೆಯ ಕಾನೂನು ಜಾರಿಗೆ ಬಂದು ಲಕ್ಷಾಂತರ ಜನರಿಗೆ ವಿಮೆ ರದ್ದಾಗುವ ನೋಟಿಸು ತಲುಪಿದಾಗ ಅದೇ ಸಂಸ್ಥೆ ಅದೇ ಮಾತನ್ನು 2013ರ ‘ವರ್ಷದ ಸುಳ್ಳು’ ಎಂದು ಹೆಸರಿಸಿತು. 2008ರಲ್ಲಿ ಅದು ಅಭ್ಯರ್ಥಿಯ ಯೋಜನೆಯ ವಿವರಣೆಯಾಗಿತ್ತು, 2013ರಲ್ಲಿ ನಡೆದುಹೋದ ಸಂಗತಿಯ ವಿವರಣೆ. ಮುಂದೆ ಆಗಬೇಕಾದದ್ದಕ್ಕೆ ‘ನಿಜ’ ಎಂಬ ಮುದ್ರೆ ಒತ್ತಿದ್ದೇ ಎಡವಟ್ಟು. ಭರವಸೆಯ ಬಗ್ಗೆ ಇವತ್ತು ಕೇಳಬಹುದಾದದ್ದು ಹಣ ಎಲ್ಲಿಂದ, ಅಧಿಕಾರ ಯಾರದು ಎಂಬವನ್ನು ಮಾತ್ರ. ಎರಡನೆಯದು ವಿಶೇಷವಾಗಿ ಮುಖ್ಯ, ಏಕೆಂದರೆ ತಾವು ಸ್ಪರ್ಧಿಸುತ್ತಿರುವ ಹುದ್ದೆಗೆ ಇಲ್ಲದ ಅಧಿಕಾರವನ್ನು ಬಳಸುವುದಾಗಿ ಮಾತು ಕೊಡುವವರು ಕಡಿಮೆಯೇನಿಲ್ಲ.

ಪುರಾವೆಯ ಹೊಣೆ ಹೇಳಿದವರದು ಎಂಬುದು ಈ ಕಸುಬಿನ ಒಪ್ಪಿತ ನಿಯಮ. ಆದ್ದರಿಂದ ನಾವು ಅಂಕಿಯ ಮೂಲವನ್ನು ಮೊದಲು ಅಭ್ಯರ್ಥಿಯ ಕಚೇರಿಯನ್ನೇ ಕೇಳುತ್ತೇವೆ. ನೀವೂ ಕೇಳಬಹುದು, ಉತ್ತರ ಬಾರದಿದ್ದರೆ ಅದೂ ಒಂದು ಮಾಹಿತಿ. ಬಂದರೆ ಪತ್ರಿಕಾ ತುಣುಕಿಗೆ ತೃಪ್ತರಾಗದೆ, ಆ ತುಣುಕು ಉಲ್ಲೇಖಿಸುವ ವರದಿಯ ಕೋಷ್ಟಕದವರೆಗೆ ಹೋಗಿ. ಕೋಷ್ಟಕದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯನ್ನು ಬಿಡಬೇಡಿ. ‘ತಾತ್ಕಾಲಿಕ ಅಂದಾಜು’, ‘ವ್ಯಾಖ್ಯಾನ ಬದಲಾಗಿದೆ, ಹಿಂದಿನ ವರ್ಷಗಳೊಂದಿಗೆ ಹೋಲಿಸಬಾರದು’ ಎಂಬ ಮಾತುಗಳು ಇರುವುದು ಅಲ್ಲಿಯೇ. ಅಂಥದ್ದೊಂದು ಸಾಲಿನಿಂದ ಇಡೀ ಭಾಷಣದ ಗಾಳಿ ಹೋದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಪಕ್ಷಪಾತದ ಪ್ರಶ್ನೆಗೆ ಮರಳುವುದಾದರೆ, ಒಂದು ತಂಡವನ್ನು ಅಳೆಯಲು ಅದರ ಒಂದು ತೀರ್ಪು ಸಾಲದು. ಪಾಯಿಂಟರ್ ಎಂಬ ಅಮೆರಿಕದ ಪತ್ರಿಕೋದ್ಯಮ ಸಂಸ್ಥೆಯಡಿ 2015ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಫ್ಯಾಕ್ಟ್‌ಚೆಕಿಂಗ್ ಜಾಲ ಮರುವರ್ಷ ಒಂದು ನೀತಿ ಸಂಹಿತೆಯನ್ನು ರೂಪಿಸಿತು. ಎಲ್ಲ ಪಕ್ಷಗಳಿಗೂ ಒಂದೇ ಮಾನದಂಡ, ಮೂಲಗಳ ಪಾರದರ್ಶಕತೆ, ಹಣದ ಮೂಲದ ಪಾರದರ್ಶಕತೆ, ವಿಧಾನದ ವಿವರಣೆ, ತಪ್ಪನ್ನು ಮುಕ್ತವಾಗಿ ತಿದ್ದುವುದು ಎಂಬ ಐದು ಬದ್ಧತೆಗಳು ಅದರಲ್ಲಿವೆ. ಇವುಗಳಲ್ಲಿ ಕೊನೆಯದೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿದೆ. ವರ್ಷಗಟ್ಟಲೆ ಒಂದೂ ತಿದ್ದುಪಡಿ ಪ್ರಕಟಿಸದ ತಂಡ ತಪ್ಪೇ ಮಾಡಿಲ್ಲ ಎಂದು ನಂಬುವುದು ನನಗೆ ಕಷ್ಟ. ಇನ್ನೊಂದು ಸಂಗತಿಯೂ ಇದೆ, ಅದನ್ನು ಯಾವ ಸಂಹಿತೆಯೂ ಪೂರ್ತಿ ಹಿಡಿಯಲಾರದು. ಯಾವ ಹೇಳಿಕೆಯನ್ನು ಪರಿಶೀಲನೆಗೆ ಎತ್ತಿಕೊಳ್ಳುತ್ತಾರೆ ಎಂಬ ಆಯ್ಕೆಯಲ್ಲೇ ಒಲವು ನುಸುಳಬಹುದು. ಪ್ರತಿಯೊಂದು ತೀರ್ಪೂ ಸರಿಯಿದ್ದು, ಒಂದೇ ಪಕ್ಷದವರ ಮಾತುಗಳನ್ನು ಮಾತ್ರ ಹೆಕ್ಕಿದ್ದರೆ ಒಟ್ಟು ಚಿತ್ರ ವಾರೆಯಾಗುತ್ತದೆ. ಆದ್ದರಿಂದ ‘ಇವರ ಸುಳ್ಳುಗಳು ಇಷ್ಟು, ಅವರವು ಇಷ್ಟು’ ಎಂಬ ಎಣಿಕೆಯನ್ನು ಪರೀಕ್ಷೆಯ ಅಂಕಪಟ್ಟಿಯಂತೆ ಓದಬೇಡಿ.

ಫ್ಯಾಕ್ಟ್‌ಚೆಕ್ ವರದಿಯನ್ನೇ ಪ್ರಚಾರದಲ್ಲಿ ಬಳಸಿಕೊಂಡಾಗ ಏನಾಗಬಹುದು ಎಂಬುದಕ್ಕೂ ಒಂದು ಪ್ರಸಂಗ ಹೇಳಬೇಕು. 2004ರ ಅಕ್ಟೋಬರ್ 5ರಂದು ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ ಜಾನ್ ಎಡ್ವರ್ಡ್ಸ್, ತಮ್ಮ ಎದುರಾಳಿಯೂ ಆಗಿನ ಉಪಾಧ್ಯಕ್ಷರೂ ಆದ ಡಿಕ್ ಚೇನಿ ಅವರು ಹಿಂದೆ ಮುಖ್ಯಸ್ಥರಾಗಿದ್ದ ಹ್ಯಾಲಿಬರ್ಟನ್ ಕಂಪನಿಯ ಬಗ್ಗೆ ಆರೋಪ ಮಾಡಿದರು. ಇದೆಲ್ಲ ಸುಳ್ಳೆಂದು ತಿಳಿಯಲು ‘ಫ್ಯಾಕ್ಟ್‌ಚೆಕ್ ಡಾಟ್ ಕಾಮ್’ ನೋಡಿ ಎಂದು ಚೇನಿ ಪ್ರೇಕ್ಷಕರಿಗೆ ಹೇಳಿದರು. ಅವರು ಹೇಳಹೊರಟಿದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಫ್ಯಾಕ್ಟ್‌ಚೆಕ್ ತಂಡದ ತಾಣವನ್ನು, ಅದರ ವಿಳಾಸ ‘ಡಾಟ್ ಆರ್ಗ್’ ಆಗಿತ್ತು. ಹೇಳಿದ ವಿಳಾಸಕ್ಕೆ ಹೋದವರು, ಅದರ ಮಾಲೀಕರು ಮಾಡಿದ ಏರ್ಪಾಡಿನಿಂದಾಗಿ, ಆಗಿನ ಅಧ್ಯಕ್ಷ, ಚೇನಿ ಅವರದೇ ಪಕ್ಷದ ಬುಷ್ ಅವರನ್ನು ಸೋಲಿಸಿ ಎಂದು ಕರೆಕೊಡುತ್ತಿದ್ದ ಕೋಟ್ಯಧಿಪತಿ ಜಾರ್ಜ್ ಸೊರೋಸ್ ಅವರ ಪುಟಕ್ಕೆ ತಲುಪಿದರು. ಎಲ್ಲರೂ ನಕ್ಕದ್ದು ಇದಕ್ಕೆ. ಆದರೆ ದೊಡ್ಡ ತಪ್ಪು ವಿಳಾಸದಲ್ಲಿ ಇರಲಿಲ್ಲ. ಚೇನಿ ಉಪಾಧ್ಯಕ್ಷರಾಗಿದ್ದಾಗ ಆ ಕಂಪನಿಯ ಇರಾಕ್ ಗುತ್ತಿಗೆಗಳಿಂದ ವೈಯಕ್ತಿಕ ಲಾಭ ಪಡೆದಿಲ್ಲ ಎಂದಷ್ಟೇ ಆ ತಂಡ ಬರೆದಿತ್ತು. ಎಡ್ವರ್ಡ್ಸ್ ಎತ್ತಿದ್ದು ಚೇನಿ ಕಂಪನಿಯನ್ನು ನಡೆಸುತ್ತಿದ್ದ ಕಾಲದ ಸಂಗತಿಗಳನ್ನು. ತಾವು ಆ ಆರೋಪಗಳನ್ನು ಅಲ್ಲಗಳೆದೇ ಇಲ್ಲ, ಆ ವಿಷಯದಲ್ಲಿ ಎಡ್ವರ್ಡ್ಸ್ ಹೇಳಿದ್ದು ಬಹುಮಟ್ಟಿಗೆ ಸರಿ ಎಂದು ಚರ್ಚೆ ಮುಗಿದ ಮೇಲೆ ಆ ತಂಡವೇ ಸ್ಪಷ್ಟೀಕರಣ ಪ್ರಕಟಿಸಬೇಕಾಯಿತು.